ಪಿಸ್ತೂಲು ಕೊನೆಗೆ, ನಿಯಮ ಮೊದಲು: ಓಡುತ್ತಾ ಗುರಿ ಹೊಡೆಯುವ ಆಟಕ್ಕೆ ಆಯ್ಕೆ ಹೇಗೆ?

ದೀಪಾವಳಿ ಹೊತ್ತಿಗೆ ಅಕ್ಕನ ಮಗ ಟೆಕ್ಸಾಸ್‌ನಿಂದ ಮನೆಯ ವಾಟ್ಸಾಪ್ ಗುಂಪಿಗೆ ಒಂದು ಚಿಕ್ಕ ವಿಡಿಯೋ ಕಳಿಸಿದ. ಪೀಪ್ ಅಂತ ಒಂದು ಸದ್ದು. ಅವನು ಸೊಂಟದಿಂದ ಪಿಸ್ತೂಲು ತೆಗೆದು, ಓಡಿ, ರಟ್ಟಿನ ಗುರಿಗಳಿಗೆ ಎರಡೆರಡು ಗುಂಡು ಹೊಡೆದು, ನಡುವೆ ಮ್ಯಾಗಜಿನ್ (ಗುಂಡು ತುಂಬಿಡುವ ಡಬ್ಬಿ) ಬದಲಿಸಿ, ಮತ್ತೆ ಓಡಿ, ಅರ್ಧ ನಿಮಿಷದೊಳಗೆ ಎಲ್ಲ ಮುಗಿಸಿದ. ಇಲ್ಲಿ ಕಲಬುರಗಿಯಲ್ಲಿ ಕೂತು ನೋಡಿದ ಅಕ್ಕನಿಗೆ ಗಾಬರಿ. "ಇದು ಆಟಾನಾ, ಪೊಲೀಸ್ ಟ್ರೇನಿಂಗಾ?" ಅಂತ ಕೇಳಿದಳು. ಮನೆಯ ಹುಡುಗರ ಪ್ರಶ್ನೆ ಬೇರೆ ಇತ್ತು: ಇದಕ್ಕೆ ಯಾವ ಪಿಸ್ತೂಲು ಬೇಕು, ನಮಗೂ ಸಿಗುತ್ತದಾ?

2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಎರಡು ಕಂಚು ಗೆದ್ದ ಮೇಲೆ ನಮ್ಮ ಕಡೆ ಶೂಟಿಂಗ್ ಬಗ್ಗೆ ಕೇಳುವವರು ಜಾಸ್ತಿಯಾಗಿದ್ದಾರೆ. ಆದರೆ ಮನು ಆಡಿದ ಆಟವೇ ಬೇರೆ, ವಿಡಿಯೋದಲ್ಲಿ ಇದ್ದ ಆಟವೇ ಬೇರೆ. ಎರಡಕ್ಕೂ ಪಿಸ್ತೂಲು ಬೇರೆ, ಕಾನೂನೂ ಬೇರೆ. ಇದು ಗೊತ್ತಿಲ್ಲದೆ ಅಂಗಡಿಗೆ ಹೋದರೆ ದುಡ್ಡೂ ಹೋಗುತ್ತದೆ, ಕಾನೂನಿನ ತೊಡಕೂ ಬರುತ್ತದೆ. ಅದಕ್ಕೇ ಬುಡದಿಂದ ಶುರು ಮಾಡುತ್ತೇನೆ.

ಇದು ಯಾವ ಆಟ?

ಹೆಸರು ಪ್ರಾಕ್ಟಿಕಲ್ ಶೂಟಿಂಗ್. ಒಲಿಂಪಿಕ್ಸ್ ಶೂಟಿಂಗ್‌ನಲ್ಲಿ ಪಿಸ್ತೂಲು ಆಟಗಾರ ಒಂದೇ ಕಡೆ ನಿಂತು, ಒಂದೇ ದೂರದ ಗುರಿಗೆ ಹೊಡೆಯುತ್ತಾನೆ. ಇಲ್ಲಿ ಹಾಗಲ್ಲ. ಗುರಿಗಳ ಜಾಗ ಪ್ರತಿ ಸುತ್ತಿನಲ್ಲೂ ಬದಲಾಗುತ್ತದೆ. ಒಂದು ಹತ್ತಿರ, ಒಂದು ದೂರ, ಇನ್ನೊಂದು ಗೋಡೆಯ ಹಿಂದೆ ಅರ್ಧ ಮರೆಯಾಗಿ. ಕಿಟಕಿಯಿಂದ ಬಾಗಿ ಹೊಡೆಯಬೇಕು, ಓಡಿ ಹೋಗಿ ಹೊಡೆಯಬೇಕು. ಇಂಥ ಒಂದೊಂದು ಸುತ್ತಿಗೂ ಸ್ಟೇಜ್ ಅನ್ನುತ್ತಾರೆ. ಗುರಿ ರಟ್ಟಿನದು, ಇಲ್ಲವೇ ಗುಂಡು ತಾಗಿದರೆ ಬೀಳುವ ಕಬ್ಬಿಣದ ತಟ್ಟೆ. ಒಂದು ಸಲಕ್ಕೆ ಒಬ್ಬರೇ ಆಡುತ್ತಾರೆ, ಎದುರಾಳಿ ಅಂದರೆ ಗಡಿಯಾರ.

ಒಲಿಂಪಿಕ್ ಶೂಟಿಂಗ್ ಅಂಗಳದಲ್ಲಿ ಕೂತು ರಂಗೋಲಿ ಹಾಕಿದ ಹಾಗೆ. ಇದು ಖೋಖೋ ಆಡುತ್ತಲೇ ರಂಗೋಲಿಯ ಚುಕ್ಕಿ ಇಟ್ಟ ಹಾಗೆ.

ಈ ಆಟದ ಜಾಗತಿಕ ಸಂಸ್ಥೆ ಐಪಿಎಸ್‌ಸಿ, ಅಂದರೆ ಇಂಟರ್‌ನ್ಯಾಷನಲ್ ಪ್ರಾಕ್ಟಿಕಲ್ ಶೂಟಿಂಗ್ ಕಾನ್ಫೆಡರೇಷನ್. 1976ರಲ್ಲಿ ಅಮೆರಿಕದ ಮಿಸೌರಿ ರಾಜ್ಯದ ಕೊಲಂಬಿಯಾ ಊರಿನಲ್ಲಿ ಹುಟ್ಟಿತು, ಪಿಸ್ತೂಲು ತರಬೇತುದಾರ ಜೆಫ್ ಕೂಪರ್ ಮೊದಲ ಅಧ್ಯಕ್ಷ. ಅದರ ಧ್ಯೇಯವಾಕ್ಯ ಲ್ಯಾಟಿನ್ ಭಾಷೆಯದು, ಮೂರೇ ಪದ: ಡಿಲಿಜೆನ್ಷಿಯಾ, ವಿಸ್, ಸೆಲೆರಿಟಾಸ್. ಅಂದರೆ ನಿಖರತೆ, ಬಲ, ವೇಗ. ಯಾವ ಪಿಸ್ತೂಲು ತೆಗೆದುಕೊಂಡರೂ ಈ ಮೂರರಲ್ಲಿ ಒಂದನ್ನು ಹೆಚ್ಚಿಸಲು ಹೋದರೆ ಇನ್ನೊಂದು ಸ್ವಲ್ಪ ಕಡಿಮೆಯಾಗುತ್ತದೆ. ಆಯ್ಕೆಯ ಕಷ್ಟ ಇರುವುದೇ ಇಲ್ಲಿ.

ಗೆಲುವು ಲೆಕ್ಕ ಹಾಕುವುದು ಹೇಗೆ?

ರಟ್ಟಿನ ಗುರಿಯಲ್ಲಿ ಮೂರು ಭಾಗ ಇರುತ್ತವೆ: ಎ, ಸಿ, ಡಿ. ನಡುವಿನ ಎ ಭಾಗಕ್ಕೆ ತಾಗಿದರೆ 5 ಅಂಕ. ಅಂಚಿಗೆ ಹೋದಷ್ಟೂ ಅಂಕ ಇಳಿಯುತ್ತದೆ. ಗುರಿ ತಪ್ಪಿದರೆ 10 ಅಂಕ ಕಡಿತ. ಹೊಡೆಯಬಾರದ ಗುರಿ ಅಂತ ಗುರುತು ಹಾಕಿದ್ದಕ್ಕೆ ತಾಗಿದರೂ 10 ಅಂಕ ಕಡಿತ. ಕೊನೆಗೆ ಸಿಕ್ಕ ಅಂಕವನ್ನು ತೆಗೆದುಕೊಂಡ ಸೆಕೆಂಡುಗಳಿಂದ ಭಾಗಿಸುತ್ತಾರೆ. ಬಂದ ಸಂಖ್ಯೆಗೆ ಹಿಟ್ ಫ್ಯಾಕ್ಟರ್ ಅಂತ ಹೆಸರು.

ನಮ್ಮ ತೊಗರಿ ಕೊಯ್ಲು ನೆನಪಿಸಿಕೊಳ್ಳಿ. ಒಬ್ಬ ಸರಸರ ಕೊಯ್ಯುತ್ತಾನೆ, ಆದರೆ ಕಾಯಿ ಉದುರಿಸುತ್ತಾ ಹೋಗುತ್ತಾನೆ. ಇನ್ನೊಬ್ಬ ಒಂದು ಕಾಯಿಯನ್ನೂ ಉದುರಿಸುವುದಿಲ್ಲ, ಆದರೆ ಹೊತ್ತು ಮುಳುಗಿದರೂ ಅವನ ಸಾಲು ಮುಗಿಯುವುದಿಲ್ಲ. ಹೊಲದವನು ನೋಡುವುದು ಗಂಟೆಗೆ ಎಷ್ಟು ತೊಗರಿ ಕಣಕ್ಕೆ ಬಂತು ಅಂತ. ಇಲ್ಲಿಯೂ ಹಾಗೇ.

12 ಗುಂಡಿನ ಸ್ಟೇಜ್ ಅಂತ ಇಟ್ಟುಕೊಳ್ಳಿ, ಪೂರ್ತಿ ಅಂಕ 60. ಒಬ್ಬಳು ಎಲ್ಲ ಗುಂಡನ್ನೂ ನಡುವಿಗೇ ಹೊಡೆದು 12 ಸೆಕೆಂಡಿನಲ್ಲಿ ಮುಗಿಸಿದಳು: 60 ಭಾಗಿಸು 12, ಅಂದರೆ 5. ಇನ್ನೊಬ್ಬ 52 ಅಂಕವನ್ನು 8 ಸೆಕೆಂಡಿನಲ್ಲಿ ಗಳಿಸಿದ: 6.5. ಇವನೇ ಮುಂದೆ. ಮೂರನೆಯವನು 7 ಸೆಕೆಂಡಿನಲ್ಲಿ ಮುಗಿಸಿದ, ಹತ್ತು ಗುಂಡು ನಡುವಿಗೆ ತಾಗಿ 50 ಬಂತು, ಎರಡು ತಪ್ಪಿ 20 ಹೋಯಿತು. ಉಳಿದ 30ನ್ನು 7ರಿಂದ ಭಾಗಿಸಿದರೆ 4.3ರಷ್ಟು. ಎಲ್ಲರಿಗಿಂತ ಬೇಗ ಮುಗಿಸಿದವನು ಎಲ್ಲರಿಗಿಂತ ಹಿಂದೆ. ಹಾಗಾಗಿ ಕಣ್ಣು ಗುರಿಗೆ ಬೇಗ ಮರಳುವಂಥ, ಎರಡನೇ ಗುಂಡೂ ಮೊದಲಿನದರ ಪಕ್ಕಕ್ಕೇ ಹೋಗುವಂಥ ಪಿಸ್ತೂಲು ಬೇಕು.

ಗುಂಡಿನ ಬಲಕ್ಕೂ ಒಂದು ಲೆಕ್ಕ

ಕಲಬುರಗಿ ಕೋಟೆಯ 29 ಅಡಿಯ ಬಾರಾ ಗಜಿ ತೋಪು ನೋಡಿ ಬೆಳೆದ ನಮಗೆ ದೊಡ್ಡದೇ ಒಳ್ಳೆಯದು ಅನಿಸುವುದು ಸಹಜ. ಇಲ್ಲಿ ಅದು ಅರ್ಧ ಮಾತ್ರ ನಿಜ.

ಗುಂಡಿನ ತೂಕವನ್ನು ಗ್ರೇನ್ ಎಂಬ ಅಳತೆಯಲ್ಲಿ ಹಿಡಿದು (ಒಂದು ಗ್ರಾಂಗೆ ಸುಮಾರು 15.4 ಗ್ರೇನ್), ಅದರ ವೇಗವನ್ನು ಸೆಕೆಂಡಿಗೆ ಎಷ್ಟು ಅಡಿ ಅಂತ ಅಳೆದು, ಎರಡನ್ನೂ ಗುಣಿಸಿ 1000ದಿಂದ ಭಾಗಿಸುತ್ತಾರೆ. ಇದು ಪವರ್ ಫ್ಯಾಕ್ಟರ್. 124 ಗ್ರೇನ್ ಗುಂಡು 1050 ಅಡಿ ವೇಗದಲ್ಲಿ ಹೋದರೆ 130. ಐಪಿಎಸ್‌ಸಿ ನಿಯಮದಲ್ಲಿ ಕನಿಷ್ಠ 125 ಬೇಕು, ಅದಕ್ಕೆ ಮೈನರ್ ಅನ್ನುತ್ತಾರೆ. ಅದಕ್ಕೂ ಮೇಲಿನ ದರ್ಜೆ ಮೇಜರ್. ಅದಕ್ಕೆ ಸ್ಟ್ಯಾಂಡರ್ಡ್ ವಿಭಾಗದಲ್ಲಿ 170, ಓಪನ್ ವಿಭಾಗದಲ್ಲಿ 160 ಬೇಕು (ವಿಭಾಗಗಳ ಮಾತು ಮುಂದೆ ಬರುತ್ತದೆ).

ಯಾಕೆ ಈ ಭೇದ? ಬಲದ ಗುಂಡು ಕೈಯನ್ನು ಜಾಸ್ತಿ ಒದೆಯುತ್ತದೆ, ಪಿಸ್ತೂಲಿನ ಮೂತಿ ಮೇಲೆ ಹಾರುತ್ತದೆ, ಮುಂದಿನ ಗುಂಡು ತಡವಾಗುತ್ತದೆ. ಆ ಕಷ್ಟಕ್ಕೆ ಪರಿಹಾರ ಕೊಡದಿದ್ದರೆ ಎಲ್ಲರೂ ಮೆತ್ತಗಿನ ಗುಂಡನ್ನೇ ಹಿಡಿಯುತ್ತಿದ್ದರು. ಅದಕ್ಕೇ ಸಿ ಭಾಗಕ್ಕೆ ಮೇಜರ್‌ನವರಿಗೆ 4, ಮೈನರ್‌ನವರಿಗೆ 3. ಡಿ ಭಾಗಕ್ಕೆ 2 ಮತ್ತು 1. ನಡುವಿನ ಎ ಭಾಗಕ್ಕೆ ಮಾತ್ರ ಇಬ್ಬರಿಗೂ 5. ಕೈ ಪಳಗಿ ಗುಂಡೆಲ್ಲ ನಡುವಿಗೇ ಹೋಗುವವರಿಗೆ ಬಲದಿಂದ ಲಾಭವಿಲ್ಲ. ಹೊಸಬರಿಗೆ ಅಂಚಿಗೆ ತಾಗುವುದೇ ಜಾಸ್ತಿ, ಆದರೂ ಒದೆತ ಕಲಿಕೆಯನ್ನೇ ಕೆಡಿಸುತ್ತದೆ. ಹಾಗಾಗಿ 9 ಮಿಮೀ ಗುಂಡಿನ ಮೈನರ್‌ನಲ್ಲಿ ಶುರು ಮಾಡುವುದು ವಾಸಿ. ಅದು ಅಗ್ಗ ಕೂಡ.

ಮೊದಲು ವಿಭಾಗ, ಆಮೇಲೆ ಪಿಸ್ತೂಲು

ಸೈಕಲ್ಲನ್ನೂ ಮೋಟಾರ್ ಸೈಕಲ್ಲನ್ನೂ ಒಂದೇ ರೇಸಿನಲ್ಲಿ ಬಿಡುವುದಿಲ್ಲ ಅಲ್ವಾ? ಪಿಸ್ತೂಲುಗಳನ್ನೂ ಹಾಗೇ ವಿಭಾಗ ಮಾಡಿದ್ದಾರೆ. ಒಬ್ಬರ ಪಿಸ್ತೂಲು ಒಂದು ವಿಭಾಗಕ್ಕೆ ಸರಿ ಇದ್ದು ಇನ್ನೊಂದಕ್ಕೆ ನಿಯಮಬಾಹಿರ ಆಗಬಹುದು. ಬರೀ ಟ್ರಿಗರ್ ಬದಲಿಸಿದರೂ ಸಾಕು, ವಿಭಾಗ ಬದಲಾಗಿಬಿಡಬಹುದು.

ಪ್ರೊಡಕ್ಷನ್ ವಿಭಾಗದಲ್ಲಿ ಕಾರ್ಖಾನೆಯಿಂದ ಬಂದ ಹಾಗೇ ಇರುವ ಸಾಮಾನ್ಯ ಪಿಸ್ತೂಲು. ಸಂಸ್ಥೆಯ ಪಟ್ಟಿಯಲ್ಲಿ ಅದರ ಹೆಸರು ಇರಬೇಕು. ನಳಿಗೆ 127 ಮಿಮೀ ಮೀರಬಾರದು, ಶುರುವಿನಲ್ಲಿ 15 ಗುಂಡಿಗಿಂತ ಜಾಸ್ತಿ ತುಂಬಬಾರದು, ಎಲ್ಲರ ಅಂಕವೂ ಮೈನರ್ ಲೆಕ್ಕದಲ್ಲೇ. ದುಡ್ಡಿನ ಪೈಪೋಟಿ ಇಲ್ಲಿ ಕಡಿಮೆ, ಹಾಗಾಗಿ ಹೊಸಬರಿಗೆ ನಾನು ಮೊದಲು ತೋರಿಸುವ ಬಾಗಿಲು ಇದೇ. ಪ್ರೊಡಕ್ಷನ್ ಆಪ್ಟಿಕ್ಸ್ ಅಂದರೆ ಇದೇ ಬಗೆಯ ಪಿಸ್ತೂಲಿನ ಮೇಲೆ ಕೆಂಪು ಚುಕ್ಕಿ ತೋರಿಸುವ ಚಿಕ್ಕ ಗಾಜು. ಚಾಳೀಸು ಬಂದವರಿಗೆ ಇದು ದೊಡ್ಡ ಆಸರೆ. ಮಾಮೂಲಿ ಪಿಸ್ತೂಲಿನಲ್ಲಿ ಕಣ್ಣು ನಳಿಗೆಯ ತುದಿಯ ಮೇಲಿರುವ ಗುರುತಿನ ಮೇಲೆ ನಿಲ್ಲಬೇಕು, ಚಾಳೀಸಿನ ಕಣ್ಣಿಗೆ ಅದೇ ಮಸುಕು. ಚುಕ್ಕಿ ಇದ್ದರೆ ಎರಡೂ ಕಣ್ಣು ತೆರೆದು ಗುರಿಯನ್ನೇ ನೋಡಿದರೆ ಸಾಕು, ಚುಕ್ಕಿ ತಾನೇ ಅದರ ಮೇಲೆ ಕಾಣುತ್ತದೆ.

ಸ್ಟ್ಯಾಂಡರ್ಡ್ ವಿಭಾಗದಲ್ಲಿ ಬದಲಾವಣೆ ಮಾಡಬಹುದು, ಆದರೆ ಪಿಸ್ತೂಲು 225, 150, 45 ಮಿಮೀ ಅಳತೆಯ ಪೆಟ್ಟಿಗೆಯೊಳಗೆ ಹಿಡಿಯಬೇಕು. ಕ್ಲಾಸಿಕ್‌ನಲ್ಲಿ 1911 ಅನ್ನುವ ಹೆಸರಿನ ಹಳೆಯ ಅಮೆರಿಕನ್ ಪಿಸ್ತೂಲಿನ ಮಾದರಿಯದು, ಮೇಜರ್‌ಗೆ 8, ಮೈನರ್‌ಗೆ 10 ಗುಂಡು. ರಿವಾಲ್ವರ್‌ಗೂ ಅದರದೇ ವಿಭಾಗ ಇದೆ. ಓಪನ್ ಅಂದರೆ ರೇಸ್ ಕಾರು. ಗಾಜೂ ಇರುತ್ತದೆ, ಹೊಗೆಯನ್ನು ಮೇಲಕ್ಕೆ ತಳ್ಳಿ ಮೂತಿಯನ್ನು ಕೆಳಗಿಡುವ ತುದಿಯೂ ಇರುತ್ತದೆ. ಬೆಲೆಯೂ ರೇಸ್ ಕಾರಿನದೇ, ಸದ್ದೂ ಜಾಸ್ತಿ.

ಅಮೆರಿಕದಲ್ಲಿ ಈ ಆಟ ನಡೆಸುವುದು ಯುಎಸ್‌ಪಿಎಸ್‌ಎ. ಅಲ್ಲಿ ವಿಭಾಗದ ಹೆಸರು, ಅಂಕಿ ಸ್ವಲ್ಪ ಬೇರೆ. ಮೇಜರ್‌ಗೆ ಅಲ್ಲಿ 165. ಅಕ್ಕನ ಮಗನಿಗೂ ಹೇಳಿದ್ದು ಇದನ್ನೇ: ಹತ್ತಿರದ ಕ್ಲಬ್ಬಿನಲ್ಲಿ ಜನ ಯಾವ ವಿಭಾಗದಲ್ಲಿ ಜಾಸ್ತಿ ಆಡುತ್ತಾರೆ ನೋಡು, ಅದರ ನಿಯಮ ಓದು, ಆಮೇಲೆ ಅಂಗಡಿಗೆ ಹೋಗು.

ಕೈಗೆ ಕೂರಬೇಕು

ಇಲ್ಲಿ ನಿಧಾನ ಮಾಡಬೇಕು. ಮೊದಲ ಪಿಸ್ತೂಲು ಕೊಳ್ಳುವವರು ಸಾಮಾನ್ಯವಾಗಿ ಬ್ರಾಂಡ್ ನೋಡುತ್ತಾರೆ, ಕೈ ನೋಡುವುದಿಲ್ಲ. ಬೀದರಿನಲ್ಲಿ ಬಿದರಿ ಕೆಲಸ ಮಾಡುವವರನ್ನು ನೋಡಿ. ಕಪ್ಪು ಲೋಹದ ಮೇಲೆ ಬೆಳ್ಳಿ ಎಳೆ ಕೂರಿಸಲು ಕೂದಲೆಳೆಯಂಥ ಗೆರೆ ಕೊರೆಯುವ ಅವರ ಉಳಿ ಅವರ ಬೆರಳಿಗೆ ಒಗ್ಗಿರುತ್ತದೆ. ಬೇರೆಯವರ ಉಳಿ ಕೊಟ್ಟರೆ ಗೆರೆ ಬದಲಾಗುತ್ತದೆ. ಪಿಸ್ತೂಲೂ ಅಂಥದ್ದೇ ಉಪಕರಣ.

ಹಿಡಿದು ನೋಡುವಾಗ ಮೊದಲು ಅದು ಖಾಲಿ ಇದೆ ಅಂತ ಅಂಗಡಿಯವರ ಮುಂದೆಯೇ ಕಣ್ಣಾರೆ ಖಚಿತ ಮಾಡಿಕೊಳ್ಳಬೇಕು. ಆಮೇಲೆ ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಸಂದಿ ಹಿಡಿಕೆಯ ಹಿಂಭಾಗದಲ್ಲಿ ಆದಷ್ಟು ಮೇಲೆ ಕೂರಬೇಕು. ನಳಿಗೆಯೂ ಮುಂಗೈಯೂ ಒಂದೇ ನೇರಕ್ಕೆ ಬರಬೇಕು. ಹೀಗೆ ಹಿಡಿದಾಗ ತೋರುಬೆರಳಿನ ತುದಿಯ ದಿಂಡು ಟ್ರಿಗರ್‌ನ ನಡುವಿಗೆ ತಾನಾಗಿ ಬಂದರೆ ಅಳತೆ ಸರಿ. ಬೆರಳು ಎಟುಕಿಸಲು ಕೈಯನ್ನೇ ತಿರುಗಿಸಬೇಕಾದರೆ ಹಿಡಿಕೆ ದೊಡ್ಡದು. ಬೆರಳಿನ ಎರಡನೇ ಗೆಣ್ಣಿನ ತನಕ ಒಳಗೆ ಹೋದರೆ ಚಿಕ್ಕದು. ಎರಡರಲ್ಲೂ ಟ್ರಿಗರ್ ಎಳೆಯುವಾಗ ಮೂತಿ ಪಕ್ಕಕ್ಕೆ ಸರಿಯುತ್ತದೆ.

ಈ ಆಟದಲ್ಲಿ ಎರಡೂ ಕೈಯಲ್ಲಿ ಹಿಡಿಯುವುದರಿಂದ ಎಡಗೈಯ ಅಂಗೈಗೂ ಹಿಡಿಕೆಯ ಮೇಲೆ ಜಾಗ ಉಳಿದಿರಬೇಕು. ಮ್ಯಾಗಜಿನ್ ಬಿಡಿಸುವ ಬಟನ್ ಹೆಬ್ಬೆರಳಿಗೆ ಸಿಗುತ್ತದಾ ನೋಡಿ. ಎಡಚರಾದರೆ ಆ ಬಟನ್ ಅನ್ನು ಇನ್ನೊಂದು ಬದಿಗೆ ಹಾಕಲು ಬರುತ್ತದಾ ಕೇಳಿ. ಈಚಿನ ಎಷ್ಟೋ ಪಿಸ್ತೂಲುಗಳಲ್ಲಿ ಹಿಂಬದಿಯ ತುಂಡು ಬದಲಿಸಿ ಹಿಡಿಕೆಯನ್ನು ದಪ್ಪ, ಸಣ್ಣ ಮಾಡಬಹುದು. ಮನೆಯಲ್ಲಿ ಇಬ್ಬರು ಆಡುವವರಿದ್ದರೆ ಇದು ಬಹಳ ಉಪಯೋಗ.

ಕಣ್ಣಿನದೂ ಒಂದು ಪರೀಕ್ಷೆ ಇದೆ. ಎರಡೂ ಕೈ ಮುಂದೆ ಚಾಚಿ, ಹೆಬ್ಬೆರಳು ಮತ್ತು ತೋರುಬೆರಳು ಸೇರಿಸಿ ಒಂದು ಚಿಕ್ಕ ಕಿಂಡಿ ಮಾಡಿ, ಎರಡೂ ಕಣ್ಣು ತೆರೆದು ಅದರೊಳಗಿಂದ ಶರಣಬಸವೇಶ್ವರ ಗುಡಿಯ ಗೋಪುರ ನೋಡಿ. ಈಗ ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣು ತೆರೆದಾಗ ಗೋಪುರ ಕಿಂಡಿಯಲ್ಲೇ ಉಳಿಯುತ್ತದೋ ಅದೇ ನಿಮ್ಮ ಮುಖ್ಯ ಕಣ್ಣು. ಬಲಗೈಯವರಿಗೆ ಎಡಗಣ್ಣು ಮುಖ್ಯ ಆಗಿದ್ದರೂ ಚಿಂತೆ ಬೇಡ. ತಲೆ ಸ್ವಲ್ಪ ತಿರುಗಿಸಿದರೆ ಸಾಕು.

ಟ್ರಿಗರ್ ಮತ್ತು ತೂಕ

ಟ್ರಿಗರ್‌ನಲ್ಲಿ ಮುಖ್ಯವಾಗಿ ಮೂರು ಬಗೆ. ಸ್ಟ್ರೈಕರ್ ಬಗೆಯದು ಸೈಕಲ್ ಬ್ರೇಕ್ ಇದ್ದ ಹಾಗೆ, ಪ್ರತಿ ಸಲವೂ ಒಂದೇ ಎಳೆತ. ಗ್ಲಾಕ್ 17 ಇಂಥದ್ದು. ಎರಡನೆಯದು ಡಬಲ್ ಮತ್ತು ಸಿಂಗಲ್ ಸೇರಿದ್ದು. ಇದು ಊರಿನ ಬೋರಿಂಗ್ ಕೈಪಂಪಿನ ಹಾಗೆ, ಮೊದಲ ಎಳೆತ ಉದ್ದ ಮತ್ತು ಬಿಗಿ, ನೀರು ಬಂದ ಮೇಲೆ ಹಗುರ. ಪ್ರೊಡಕ್ಷನ್ ವಿಭಾಗದಲ್ಲಿ ಎಲ್ಲೆಡೆ ಕಾಣುವ ಚೆಕ್ ದೇಶದ ಸಿಝಡ್ ಶ್ಯಾಡೋ 2 ಇದೇ ಬಗೆ. ಮೂರನೆಯದು 1911 ಮಾದರಿಯ ಸಿಂಗಲ್, ಯಾವಾಗಲೂ ಹಗುರ ಮತ್ತು ಗಿಡ್ಡ. ಹಗುರ ಅಂತ ಖುಷಿಪಡುವ ಮೊದಲು ಅದನ್ನು ಸಂಭಾಳಿಸುವ ಶಿಸ್ತು ಕಲಿಯಬೇಕು.

ತೂಕದ ವಿಷಯಕ್ಕೆ ಬಂದರೆ, ಪ್ಲಾಸ್ಟಿಕ್ ಮೈಯ ಗ್ಲಾಕ್ 17 ಖಾಲಿ ಇದ್ದಾಗ 630 ಗ್ರಾಂ ಆಸುಪಾಸು. ಉಕ್ಕಿನ ಶ್ಯಾಡೋ 2 ಸುಮಾರು 1330 ಗ್ರಾಂ, ಎರಡು ಪಟ್ಟಿಗಿಂತ ಜಾಸ್ತಿ. ರಸ್ತೆಯ ಉಬ್ಬಿನ ಮೇಲೆ ಖಾಲಿ ಆಟೋ ಹಾರುತ್ತದೆ, ತುಂಬಿದ ಲಾರಿ ಅಷ್ಟು ಹಾರುವುದಿಲ್ಲ. ಭಾರದ ಪಿಸ್ತೂಲು ಒದೆತವನ್ನು ಹಾಗೇ ನುಂಗುತ್ತದೆ. ಆದರೆ ಅದನ್ನು ಒಂದು ಗುರಿಯಿಂದ ಇನ್ನೊಂದಕ್ಕೆ ತಿರುಗಿಸಿ ಸರಿಯಾದ ಜಾಗದಲ್ಲಿ ನಿಲ್ಲಿಸಲು ತೋಳಿನಲ್ಲಿ ಕಸುವು ಬೇಕು. ಬಾಡಿಗೆಗೆ ಸಿಗುವ ಕಡೆ ಎರಡನ್ನೂ ನೂರು ಗುಂಡು ಹೊಡೆದು ನೋಡಿ. ಹತ್ತನೇ ಗುಂಡಿಗೆ ಯಾವುದು ಚೆಂದ ಅನ್ನುವುದಕ್ಕಿಂತ ತೊಂಬತ್ತನೇ ಗುಂಡಿಗೆ ಯಾವುದು ಹಿಡಿತದಲ್ಲಿದೆ ಅನ್ನುವುದು ಮುಖ್ಯ.

ಪಿಸ್ತೂಲು ಒಂದೇ ಅಲ್ಲ, ಉಳಿದದ್ದಕ್ಕೂ ಲೆಕ್ಕ ಇಡಿ. ಉದ್ದದ ಸ್ಟೇಜಿನಲ್ಲಿ 32 ಗುಂಡು ಇರಬಹುದು. 15ರ ಮಿತಿಯಲ್ಲಿ ಕನಿಷ್ಠ ಮೂರು ಮ್ಯಾಗಜಿನ್ ಬೇಕೇ ಬೇಕು, ಒಂದೆರಡು ಹೆಚ್ಚು ಇದ್ದರೆ ಧೈರ್ಯ. ಬೆಲ್ಟು, ಟ್ರಿಗರ್ ಪೂರ್ತಿ ಮುಚ್ಚುವ ಗಟ್ಟಿ ಹೋಲ್‌ಸ್ಟರ್ (ಸೊಂಟಕ್ಕೆ ಕಟ್ಟುವ ಪಿಸ್ತೂಲಿನ ಒರೆ), ಕಿವಿಗೆ ಮತ್ತು ಕಣ್ಣಿಗೆ ರಕ್ಷಣೆ, ಇವಿಲ್ಲದೆ ಆಟವಿಲ್ಲ. ಎಲ್ಲಕ್ಕಿಂತ ದೊಡ್ಡ ಖರ್ಚು ಗುಂಡಿನದು. ಗಾಡಿ ಒಂದೇ ಸಲ ಕೊಳ್ಳುತ್ತೇವೆ, ಪೆಟ್ರೋಲ್ ದಿನಾ ಹಾಕಿಸುತ್ತೇವೆ.

ಅಕ್ಕನ ಗಾಬರಿಗೂ ಉತ್ತರ ಇಲ್ಲೇ ಇದೆ. ಪಿಸ್ತೂಲಿನ ಮೂತಿ ಮುಂದಿನ ದಿಕ್ಕಿನಿಂದ 90 ಡಿಗ್ರಿ ಮೀರಿ ಹಿಂದಕ್ಕೆ ತಿರುಗಿದರೆ ಆ ಆಟಗಾರನ ಇಡೀ ಪಂದ್ಯ ಅಲ್ಲಿಗೇ ಮುಗಿಯುತ್ತದೆ. ಓಡುವಾಗ, ಮ್ಯಾಗಜಿನ್ ಬದಲಿಸುವಾಗ ಬೆರಳು ಟ್ರಿಗರ್ ಸುತ್ತಲಿನ ಕಟ್ಟಿನೊಳಗೆ ಕಂಡರೂ ಅದೇ ಶಿಕ್ಷೆ. ಎಷ್ಟೇ ದೊಡ್ಡ ಚಾಂಪಿಯನ್ ಆದರೂ ವಿನಾಯಿತಿ ಇಲ್ಲ. ವಿಡಿಯೋದಲ್ಲಿ ಅಕ್ಕನ ಮಗನ ಬೆನ್ನಿಗೇ ಒಬ್ಬ ತೀರ್ಪುಗಾರರು ಓಡುತ್ತಿದ್ದರು, ಅವರು ನೋಡುತ್ತಿದ್ದದ್ದು ಇದನ್ನೇ.

ನಮ್ಮಲ್ಲಿ ಗಂಟು ಎಲ್ಲಿದೆ?

ಈಗ ಹುಡುಗರ ಎರಡನೇ ಪ್ರಶ್ನೆ. ಭಾರತದಲ್ಲಿ ಬಂದೂಕು, ಪಿಸ್ತೂಲುಗಳಿಗೆ 1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು 2016ರ ನಿಯಮಗಳು ಅನ್ವಯ. ಸ್ವಂತ ಲೈಸೆನ್ಸಿಗೆ 21 ವರ್ಷ ತುಂಬಿರಬೇಕು. 2019ರ ತಿದ್ದುಪಡಿ ಆದ ಮೇಲೆ ಸಾಮಾನ್ಯ ಲೈಸೆನ್ಸುದಾರರು ಮೂರರ ಬದಲು ಎರಡೇ ಆಯುಧ ಇಟ್ಟುಕೊಳ್ಳಬಹುದು, ಲೈಸೆನ್ಸಿನ ಅವಧಿ ಮೂರರಿಂದ ಐದು ವರ್ಷಕ್ಕೆ ಏರಿತು.

ಕಾನೂನು ಆಯುಧಗಳನ್ನು ನಿಷೇಧಿತ ಬೋರ್, ನಿಷೇಧಿತವಲ್ಲದ ಬೋರ್ ಅಂತ ಎರಡು ಮಾಡುತ್ತದೆ. ಬೋರ್ ಅಂದರೆ ನಳಿಗೆಯ ಒಳ ಅಗಲ. 9 ಮಿಮೀ ಪಿಸ್ತೂಲು ಸೈನ್ಯ, ಪೊಲೀಸರು ಬಳಸುವುದು, ನಿಷೇಧಿತ ಸಾಲಿನಲ್ಲಿದೆ. ಜನಸಾಮಾನ್ಯರಿಗೆ ಲೈಸೆನ್ಸಿನ ಮೇಲೆ ಸಿಗುವುದು ಪಾಯಿಂಟ್ 32, ಪಾಯಿಂಟ್ 22ರಂಥವು. ಪಾಯಿಂಟ್ 32 ಅಂದರೆ ಸುಮಾರು 8 ಮಿಮೀ. ಐಪಿಎಸ್‌ಸಿ ನಿಯಮದಲ್ಲಿ ಗುಂಡು ಕನಿಷ್ಠ 9 ಮಿಮೀ ಇರಬೇಕು. ಗಂಟು ಕಂಡಿತಲ್ವಾ? ಆಟಕ್ಕೆ ಬೇಕಾದದ್ದು ನಮಗೆ ಸಿಗುವುದಿಲ್ಲ, ಸಿಗುವುದು ಆಟಕ್ಕೆ ಸಾಲುವುದಿಲ್ಲ. ಆತ್ಮರಕ್ಷಣೆಗೆ ಅಂತ ಲೈಸೆನ್ಸ್ ಪಡೆದ ಪಾಯಿಂಟ್ 32 ರಿವಾಲ್ವರ್ ಹಿಡಿದು ಹೊಲದಲ್ಲಿ ಗುರಿ ಇಟ್ಟು ಅಭ್ಯಾಸ ಮಾಡುತ್ತೇನೆ ಅನ್ನುವುದು ಕ್ರೀಡೆ ಅಲ್ಲ, ಅಪಾಯ. ದಯವಿಟ್ಟು ಅದಕ್ಕೆ ಹೋಗಬೇಡಿ.

ಕಲಬುರಗಿ, ಬೀದರ್, ಯಾದಗಿರಿಯಿಂದ ಶುರು ಮಾಡುವವರಿಗೆ

ಬಾಗಿಲು ಮುಚ್ಚಿಲ್ಲ. ಮನು ಭಾಕರ್ ಗೆದ್ದ 10 ಮೀಟರ್ ಏರ್ ಪಿಸ್ತೂಲು ಇದೆ. ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಗ್ಲ್ಯಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ತಂದದ್ದೂ ಇದರಲ್ಲೇ. ಇದರಲ್ಲಿ ಮದ್ದು ಇಲ್ಲ, ಒತ್ತಿ ತುಂಬಿದ ಗಾಳಿ 4.5 ಮಿಮೀ ಸೀಸದ ಚೂರನ್ನು ತಳ್ಳುತ್ತದೆ. ಅರ್ಧ ಗ್ರಾಂ ಚೂರು, ಸೆಕೆಂಡಿಗೆ 150 ಮೀಟರ್ ಆಸುಪಾಸಿನ ವೇಗ, ಶಕ್ತಿ ಸುಮಾರು 6 ಜೌಲ್. 2016ರ ನಿಯಮಗಳ ಪ್ರಕಾರ 4.5 ಮಿಮೀ ಮತ್ತು 20 ಜೌಲ್ ಒಳಗಿನ ಏರ್ ಆಯುಧಕ್ಕೆ ಲೈಸೆನ್ಸ್ ಬೇಡ. ಲೈಸೆನ್ಸ್ ಬೇಡ ಅಂದ ಮಾತ್ರಕ್ಕೆ ಆಟಿಕೆ ಅಲ್ಲ, ಕಣ್ಣಿಗೆ ತಾಗಿದರೆ ಕಣ್ಣು ಹೋಗುತ್ತದೆ. ಕೊಂಡ ರಸೀದಿ, ಗುರುತಿನ ಚೀಟಿಯ ಪ್ರತಿ ಜೊತೆಗಿರಲಿ.

ಇಲ್ಲಿಯೂ ನಿಯಮದಿಂದಲೇ ಶುರು. ಪಿಸ್ತೂಲು 1500 ಗ್ರಾಂ ಮೀರಬಾರದು, 420, 200, 50 ಮಿಮೀ ಪೆಟ್ಟಿಗೆಯಲ್ಲಿ ಹಿಡಿಯಬೇಕು, ಟ್ರಿಗರ್ ಕನಿಷ್ಠ 500 ಗ್ರಾಂ ಭಾರ ತಾಳಬೇಕು, ಅಂದರೆ ಅರ್ಧ ಕೆಜಿ ತೊಗರಿಬೇಳೆ ಪೊಟ್ಟಣ ನೇತುಹಾಕಿದರೂ ಅದು ಸಿಡಿಯಬಾರದು. ಹಿಡಿಯುವುದು ಒಂದೇ ಕೈಯಲ್ಲಿ. 10 ಅಂಕದ ವೃತ್ತ 11.5 ಮಿಮೀ, ನಮ್ಮ ಅಂಗಿಯ ಗುಂಡಿಯಷ್ಟೇ. ಸ್ಟೈರ್, ಮೊರಿನಿ, ವಾಲ್ಥರ್, ಪಾರ್ದಿನಿಯಂಥ ವಿದೇಶಿ ಪಿಸ್ತೂಲುಗಳ ಬೆಲೆ ಲಕ್ಷ ದಾಟುತ್ತದೆ. ಹಾಗಾಗಿ ಮೊದಲ ಕೆಲವು ತಿಂಗಳು ತರಬೇತಿ ಕೊಡುವ ಕಡೆ ಇರುವುದನ್ನೇ ಬಳಸಿ. ಮರದ ಹಿಡಿಕೆ ಎಡಗೈಗೆ ಬೇರೆ, ಬಲಗೈಗೆ ಬೇರೆ, ಚಿಕ್ಕದು, ದೊಡ್ಡದು ಅಂತ ಬರುತ್ತದೆ. ಅದನ್ನು ಉಜ್ಜಿ, ಮರದ ಲಪ್ಪ ತುಂಬಿ ಅಂಗೈಗೆ ಕೂರಿಸಿಕೊಳ್ಳಬಹುದು.

ಹಳೆಯದು ಕೊಳ್ಳುವುದಾದರೆ ಗಾಳಿಯ ಸಿಲಿಂಡರ್ ಮೇಲಿನ ದಿನಾಂಕ ಓದಿ. ಅದರೊಳಗೆ 200 ಬಾರ್ ಒತ್ತಡ, ಕಾರಿನ ಟೈರಿಗಿಂತ ಸುಮಾರು ನೂರು ಪಟ್ಟು. ಹೆಚ್ಚಿನ ಕಂಪನಿಗಳು 10 ವರ್ಷದ ಆಯಸ್ಸು ಹಾಕುತ್ತವೆ. ನಮ್ಮ ಮೇ ತಿಂಗಳ ಬಿಸಿಲಿನಲ್ಲಿ ಬಾಗಿಲು ಮುಚ್ಚಿದ ಕಾರಿನೊಳಗೆ ಅದನ್ನು ಬಿಟ್ಟು ಹೋಗಲೇಬೇಡಿ.

ವೇಗವೇ ಇಷ್ಟ ಅನ್ನುವವರಿಗೆ 25 ಮೀಟರ್ ರ‍್ಯಾಪಿಡ್ ಫೈರ್ ಇದೆ. ಸಾಲಾಗಿ ನಿಲ್ಲಿಸಿದ ಐದು ಗುರಿಗೆ ಐದು ಗುಂಡು, ಮೊದಲು 8 ಸೆಕೆಂಡಿನಲ್ಲಿ, ಆಮೇಲೆ 6, ಕೊನೆಗೆ 4. ವಿಜಯ್ ಕುಮಾರ್ 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದದ್ದು ಇದರಲ್ಲೇ. ಪಾಯಿಂಟ್ 22 ಗುಂಡು, ಲೈಸೆನ್ಸ್ ಬೇಕು. ಓಡುವುದೊಂದು ಇಲ್ಲ ಅನ್ನುವುದು ಬಿಟ್ಟರೆ ಟೆಕ್ಸಾಸ್ ವಿಡಿಯೋಗೆ ಅತಿ ಹತ್ತಿರದ ಒಲಿಂಪಿಕ್ ಆಟ ಇದು.

ನಮ್ಮ ಹುಡುಗರಿಗೆ ಸದ್ಯಕ್ಕೆ ಪಿಸ್ತೂಲು ಕೊಡಿಸಿಲ್ಲ. ಒಂದು ಲೀಟರ್ ನೀರಿನ ಬಾಟಲಿ ಕೊಟ್ಟಿದ್ದೇನೆ, ಏರ್ ಪಿಸ್ತೂಲಿನ ತೂಕವೂ ಹೆಚ್ಚುಕಡಿಮೆ ಅಷ್ಟೇ. ಮಾಳಿಗೆಯ ಮೇಲೆ ಒಂದೇ ಕೈ ಚಾಚಿ ಅದನ್ನು ಹಿಡಿದು, ಗೋಡೆಯ ಮೇಲೆ ಬರೆದ ಚುಕ್ಕಿ ನೋಡುತ್ತಾ ನಿಲ್ಲಬೇಕು. ಮೊದಲ ದಿನ ಇಬ್ಬರ ಕೈಯೂ ಇಪ್ಪತ್ತು ಸೆಕೆಂಡಿಗೇ ನಡುಗಿತು. ಪಂದ್ಯದಲ್ಲಿ 75 ನಿಮಿಷದೊಳಗೆ 60 ಸಲ ಹೀಗೆ ಕೈ ಎತ್ತಬೇಕು ಅಂತ ಹೇಳಿದೆ. ದೊಡ್ಡವನು ಸುಮ್ನೆ ಬಾಟಲಿ ಕೆಳಗಿಟ್ಟು, ತೋಳು ನೀವಿಕೊಂಡು, ಮತ್ತೆ ಎತ್ತಿದ.